ಅಟ್ಟದ ಪೆಟ್ಟಿಗೆಯಿಂದ ಪತ್ರಾಗಾರಕ್ಕೆ: ಮನೆಯ ಹಳೆಯ ಕಾಗದ ಕೊಡುವವರಿಗೆ ಒಂದು ಕೈಪಿಡಿ

ಹಳೆಯ ಮನೆ ಕೆಡವುವ ವಾರ, ಅಣ್ಣ-ತಮ್ಮಂದಿರು ಪಾಲಾಗುವ ತಿಂಗಳು, ಹಬ್ಬಕ್ಕೆ ಮುಂಚೆ ಸುಣ್ಣ-ಬಣ್ಣ ಮಾಡಿಸುವ ದಿನ. ನಮ್ಮ ಮನೆಗಳ ಹಳೆಯ ಕಾಗದಗಳು ಕೈಬಿಟ್ಟು ಹೋಗುವುದು ಹೆಚ್ಚಾಗಿ ಈ ಮೂರು ಹೊತ್ತಿನಲ್ಲಿ. ಗೆದ್ದಲಿಗೆ ತಿಂದು ಮುಗಿಸಲು ವರ್ಷಗಟ್ಟಲೆ ಬೇಕು. ರದ್ದಿಯವನಿಗೆ ಅರ್ಧ ಗಂಟೆ ಸಾಕು. ಓಲೆಗರಿಯಾದರೆ ರದ್ದಿಗೆ ಹಾಕಲು ಮನಸ್ಸು ಬರುವುದಿಲ್ಲ, ಹೊಳೆಗೆ ಬಿಡುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದೇನೂ ಇರುವುದಿಲ್ಲ. “ಓದಕ್ಕೆ ಬರೋರು ಯಾರೂ ಇಲ್ಲ, ಇಟ್ಕೊಂಡು ಏನ್ ಮಾಡೋದು?” ಅನ್ನುವ ಪ್ರಶ್ನೆಗೆ ಮನೆಯಲ್ಲಿ ಉತ್ತರ ಹೇಳುವವರು ಇರುವುದಿಲ್ಲ, ಅಷ್ಟೇ.

ಓದಲು ಬರುವವರು ಇದ್ದಾರೆ, ಇಟ್ಟುಕೊಳ್ಳುವ ಜಾಗವೂ ಇದೆ: ಹಳೆಯ ದಾಖಲೆಗಳನ್ನು ಕಾಪಾಡುವ ಪತ್ರಾಗಾರ. ಪೆಟ್ಟಿಗೆ ತೆರೆಯುವುದರಿಂದ ಹಿಡಿದು ಪತ್ರಾಗಾರದಿಂದ ರಸೀದಿ ಪಡೆಯುವವರೆಗೆ ಏನೇನು ಮಾಡಬೇಕು, ಏನೇನು ಮಾಡಬಾರದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮೈಸೂರಿನದ್ದೇ ಒಂದು ಉದಾಹರಣೆ ಇದೆ. ಇಪ್ಪತ್ತನೆಯ ಶತಮಾನ ಆಗಷ್ಟೇ ಶುರುವಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಒಂದು ಓಲೆಗರಿ ಕಟ್ಟು ತಂದುಕೊಟ್ಟರು. ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುವ ‘ಗ್ರಂಥ’ ಎಂಬ ಲಿಪಿಯಲ್ಲಿತ್ತು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದಾಗ, ಅದು ಎಲ್ಲರೂ ಹೆಸರು ಮಾತ್ರ ಕೇಳಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗೊತ್ತಾಯಿತು. 1909ರಲ್ಲಿ ಮೈಸೂರಿನಲ್ಲೇ ಅಚ್ಚಾಯಿತು. ಇವತ್ತು ಆ ಪುಸ್ತಕ ಪ್ರಪಂಚಕ್ಕೆಲ್ಲ ಗೊತ್ತು, ಶಾಮಶಾಸ್ತ್ರಿಗಳ ಹೆಸರೂ ಗೊತ್ತು. ತಂದುಕೊಟ್ಟವರನ್ನು ಮಾತ್ರ ಈಗಲೂ “ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು” ಎಂದೇ ಕರೆಯುತ್ತಾರೆ. ಆ ಕಟ್ಟು ಯಾರ ಮನೆಯಲ್ಲಿತ್ತು, ಅವರಿಗೆ ಎಲ್ಲಿಂದ ಬಂದಿತ್ತು, ಯಾರು ನಕಲು ಮಾಡಿದ್ದು? ಇದನ್ನೆಲ್ಲ ಅವರನ್ನೇ ಕೂರಿಸಿ ಕೇಳಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ?

ಹಾಗಾಗಿ ಈ ಕೈಪಿಡಿಯಲ್ಲಿ ನಾನು ಜಾಸ್ತಿ ಒತ್ತಿ ಹೇಳುವುದು ಒಂದೇ ಮಾತು. ಕಾಗದ ಕೊಡುವಾಗ ಅದರ ಜೊತೆಗಿನ ಮಾತನ್ನೂ ಕೊಡಿ. ಆ ಮಾತು ಗೊತ್ತಿರುವ ಹಿರಿಯರು ಇರುವಾಗಲೇ ಕೊಡಿ.

ಮೊದಲು: ಏನೇನು ಹುಡುಕಬೇಕು

“ನಮ್ಮನೇಲಿ ಅಂಥದ್ದೇನೂ ಇಲ್ಲಪ್ಪ, ನಾವೇನು ಪಾಳೇಗಾರರಾ?” ಅನ್ನುವವರೇ ಜಾಸ್ತಿ. ರಾಜರ ನಿರೂಪ (ಆಜ್ಞೆ), ಇನಾಂ ಸನ್ನದು (ಭೂಮಿ ಕೊಟ್ಟ ಪತ್ರ) ಇದ್ದರೆ ಸಂತೋಷ. ಆದರೆ ರಾಜರ ಕಾಗದಕ್ಕೆ ಅರಮನೆಯ ದಫ್ತರದಲ್ಲಿ ಇನ್ನೊಂದು ಪ್ರತಿ ಇರಬಹುದು. ನಿಮ್ಮ ಮುತ್ತಜ್ಜನ ಕಿರ್ದಿ (ದಿನದ ಲೆಕ್ಕದ) ಪುಸ್ತಕಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ಇವೆಲ್ಲ ಪತ್ರಾಗಾರಕ್ಕೆ ಬೇಕಾಗುವಂಥವು: ಅಂಗಡಿಯ, ಮಂಡಿಯ ಲೆಕ್ಕದ ಪುಸ್ತಕಗಳು. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ. ಮದುವೆಯ ಕರೆಯೋಲೆ, ಅದರ ಖರ್ಚಿನ ಚೀಟಿ, ಯಾರು ಎಷ್ಟು ಮುಯ್ಯಿ ಮಾಡಿದರು ಎಂಬ ಪಟ್ಟಿ. ಜಾತ್ರೆಯ, ಕಂಪನಿ ನಾಟಕದ ಕರಪತ್ರಗಳು. ಊರಿನ ಯುವಕ ಸಂಘದ, ಮಹಿಳಾ ಸಮಾಜದ ನಡಾವಳಿ ಪುಸ್ತಕ. ಅಂಚೆ ಕಾರ್ಡು, ಇನ್‌ಲ್ಯಾಂಡ್ ಲೆಟರ್. ಕೈಯಲ್ಲಿ ಬರೆದ ಯಕ್ಷಗಾನ ಪ್ರಸಂಗ. ನಾಟಿ ವೈದ್ಯರ ಔಷಧದ ಪುಸ್ತಕ. ಫೋಟೊಗಳಂತೂ ಸರಿಯೇ ಸರಿ.

ಹಳೆಯದೇ ಆಗಬೇಕೆಂದಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ಮೈಸೂರು ಚಲೋ ಕಾಲದ ಕೈಬರಹದ ಕರಪತ್ರ ಇದ್ದರೆ ಹೇಗೂ ಎತ್ತಿಡುತ್ತೀರಿ. 1975ರ ತುರ್ತುಪರಿಸ್ಥಿತಿಯಲ್ಲಿ ಕದ್ದುಮುಚ್ಚಿ ಹಂಚಿದ ಹಾಳೆ, ಭೂಸುಧಾರಣೆಯ ಹೊತ್ತಿನಲ್ಲಿ ಉಳುತ್ತಿದ್ದ ಜಮೀನಿನ ಹಕ್ಕು ಕೇಳಿ ಗೇಣಿದಾರರು ತುಂಬಿದ ನಮೂನೆ 7ರ ನಕಲು, 1980ರ ನರಗುಂದ ರೈತ ಹೋರಾಟದ್ದು, ಗೋಕಾಕ್ ಚಳವಳಿಯದ್ದು, ಇವನ್ನೂ ಎತ್ತಿಡಿ. ಇವನ್ನು “ಇತ್ತೀಚಿನದು” ಎಂದು ನಾವೇ ಎಸೆದುಬಿಟ್ಟರೆ ಆ ಕಾಲದ ಬಗ್ಗೆ ಸರ್ಕಾರದ ಕಡತ ಮಾತ್ರ ಉಳಿಯುತ್ತದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆಂದು ಹಾಕಿದ ಅರ್ಜಿ, ಅದರ ಜೊತೆ ಲಗತ್ತಿಸಿದ ಜೈಲಿನ ಪ್ರಮಾಣಪತ್ರ ಎಷ್ಟೋ ಮನೆಗಳಲ್ಲಿ ಇವೆ. ಅರ್ಜಿ ತಿರಸ್ಕಾರವಾಗಿದ್ದರೂ ಇಡಿ. ತಿರಸ್ಕಾರವಾದದ್ದು ಕೆಲವೊಮ್ಮೆ ಇನ್ನೂ ಹೆಚ್ಚು ಹೇಳುತ್ತದೆ.

ಇನ್ನೊಂದು ವಿಷಯ. ಗಂಡಸರ ಲೆಕ್ಕಪತ್ರ ಟ್ರಂಕಿನಲ್ಲಿ ಇರುತ್ತದೆ, ಹೆಂಗಸರ ಬರಹ ಅಡುಗೆಮನೆಯ ಗೂಡಿನಲ್ಲೋ ದೇವರ ಮನೆಯಲ್ಲೋ ಇರುತ್ತದೆ. ಅಜ್ಜಿ ಬರೆದಿಟ್ಟುಕೊಂಡ ಹಸೆ ಹಾಡು, ಆರತಿ ಹಾಡಿನ ನೋಟ್‌ಬುಕ್ಕು, ಉಪ್ಪಿನಕಾಯಿಯ ಅಳತೆ, ಬಾಣಂತಿ ಮದ್ದಿನ ಪಟ್ಟಿ. ಮನೆಯವರು ಪತ್ರಾಗಾರದವರನ್ನು ಕರೆದಾಗ ಟ್ರಂಕು ಮಾತ್ರ ತೋರಿಸುತ್ತಾರೆ. ಅಡುಗೆಮನೆಯ ಗೂಡಿಗೂ ಕೈಹಾಕಿ ನೋಡಿ.

ಓದಲು ಬರದಿದ್ದರೆ ಚಿಂತೆ ಬೇಡ. ಧಾರವಾಡ, ಬೆಳಗಾವಿ ಕಡೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದ ಸಿಗುತ್ತದೆ. ಕಲಬುರಗಿ, ಬೀದರ್, ರಾಯಚೂರು ಕಡೆ ಉರ್ದು. ಕರಾವಳಿ, ಮಲೆನಾಡಿನಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಯುತ್ತಿದ್ದ ತಿಗಳಾರಿ ಲಿಪಿಯ ಓಲೆಗಳು. ಹಳೇ ಮೈಸೂರಿನ ಶಾನುಭೋಗರ ಕೂಡುಬರಹ ಕನ್ನಡವೇ ಆದರೂ ನಮಗೆ ತಲೆಬುಡ ಗೊತ್ತಾಗುವುದಿಲ್ಲ. ಓದುವುದು ನಿಮ್ಮ ಕೆಲಸವಲ್ಲ. ಎಸೆಯದೆ ಇದ್ದರೆ ಸಾಕು.

ಎರಡನೆಯದು: ಶುಚಿ ಮಾಡಬೇಡಿ

ಪೆಟ್ಟಿಗೆ ತೆರೆದ ಕೂಡಲೇ ನಮಗೆ ಒರೆಸುವ ಆಸೆ. ಇದರಿಂದ ಆಗುವಷ್ಟು ನಷ್ಟ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಕಡತವನ್ನೇ ತೆಗೆದುಕೊಳ್ಳಿ. ಆಫೀಸಿನ ಫೈಲಿಗೆ ಇವತ್ತು ಈ ಹೆಸರು ಬಂದಿದೆ, ಮೂಲದ ಕಡತ ಬಟ್ಟೆಯದ್ದು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅಂದರೆ ಇವತ್ತು ನೀವು ಧೂಳು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಅಷ್ಟೂ ಬರಹ ಹೋಯಿತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಅದೇ ಮಠದಲ್ಲಿ 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆಸಿದ ಕನ್ನಡ ಪತ್ರಗಳು ಸಿಕ್ಕವು. ಆ ಪತ್ರಗಳ ಬಗ್ಗೆ ಚರ್ಚೆ ಇವತ್ತಿಗೂ ನಡೆಯುತ್ತಿದೆ. ಏನೇ ವಾದ ಮಾಡಿದರೂ ಎಲ್ಲರೂ ಆ ಕಾಗದಗಳ ಹತ್ತಿರವೇ ಬರಬೇಕು. ನೂರಿಪ್ಪತ್ತೈದು ವರ್ಷ ಯಾರೂ ಅವನ್ನು “ಕ್ಲೀನ್” ಮಾಡದೆ ಇದ್ದದ್ದು ನಮ್ಮ ಪುಣ್ಯ.

ಓಲೆಗರಿಗೆ ಎಣ್ಣೆ ಹಚ್ಚಬೇಡಿ. ನಿಂಬೆಹುಲ್ಲಿನ ಎಣ್ಣೆ ಹಚ್ಚುತ್ತಾರಂತೆ ಎಂದು ಎಲ್ಲೋ ಕೇಳಿರುತ್ತೀರಿ. ನಿಜ, ಆದರೆ ಗರಿ ಎಂಥದ್ದು, ಎಷ್ಟು ಒಣಗಿದೆ, ಮಸಿ ನಿಲ್ಲುತ್ತದೋ ಇಲ್ಲವೋ ನೋಡಿ ಮಾಡುವ ಕೆಲಸ ಅದು. ಅಡುಗೆಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ದಾರ ಬಿಗಿಯಾಗಿದ್ದರೆ ಎಳೆಯಬೇಡಿ. ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಡಿಸಬೇಡಿ.

ನವರಾತ್ರಿಯ ಸರಸ್ವತಿ ಪೂಜೆಗೆ ಹಳೆಯ ಪುಸ್ತಕ ಇಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಆ ಪೂಜೆಯಿಂದಾಗಿಯೇ ಎಷ್ಟೋ ಕಟ್ಟುಗಳು ಉಳಿದಿವೆ ಅನ್ನುವುದೂ ನಿಜ. ಆದರೆ ಅರಿಸಿನ-ಕುಂಕುಮ ನೇರವಾಗಿ ಹಚ್ಚಿದರೆ ಕಲೆ ಹೋಗುವುದಿಲ್ಲ, ಹೂವಿನ ತೇವಕ್ಕೆ ಬೂಷ್ಟು ಬರುತ್ತದೆ, ದೀಪದ ಎಣ್ಣೆ ತಾಗಿದರಂತೂ ಮುಗಿಯಿತು. ಕಟ್ಟಿನ ಮೇಲೆ ಒಂದು ಹತ್ತಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪೂಜೆ ಮಾಡಿ. ಸರಸ್ವತಿ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಗದಕ್ಕೆ ಬೇಡವಾದವು: ಲ್ಯಾಮಿನೇಷನ್, ಸೆಲೋಟೇಪು, ಗೋಂದು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡು, ಬಿಸಿಲು. ಲ್ಯಾಮಿನೇಷನ್ ಮಾಡಿಸಿದರೆ ಭದ್ರ ಎಂಬ ನಂಬಿಕೆ ನಮ್ಮಲ್ಲಿ ತುಂಬಾ ಇದೆ. ಒಂದು ಸಲ ಮಾಡಿಸಿದರೆ ಕಾಗದ ಹಾಳಾಗದಂತೆ ಅದನ್ನು ಬಿಚ್ಚಲು ಆಗುವುದಿಲ್ಲ. ಒಳಗಿನ ಕಾಗದ ಹಳದಿಯಾಗುತ್ತಾ ಹೋಗುತ್ತದೆ. ತುಕ್ಕು ಹಿಡಿದ ಗುಂಡುಸೂಜಿ ಸುಲಭವಾಗಿ ಬಂದರೆ ತೆಗೆಯಿರಿ, ಬರದಿದ್ದರೆ ಹಾಗೇ ಬಿಡಿ.

ಮಾಡಬಹುದಾದದ್ದು ಇಷ್ಟು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮೃದುವಾದ, ಒಣಗಿದ ಬ್ರಶ್‌ನಿಂದ ಹೊರಗಿನ ಧೂಳನ್ನು ಮೆಲ್ಲಗೆ ತೆಗೆಯಿರಿ, ಕಡತವೊಂದನ್ನು ಬಿಟ್ಟು. ತೊಳೆದು ಒಣಗಿಸಿದ ಬಿಳಿ ಅಥವಾ ಬಣ್ಣ ಬಿಡದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಡಿ. ಗೆದ್ದಲೋ ಹುಳವೋ ಜೀವಂತ ಇದ್ದರೆ ಆ ಕಟ್ಟನ್ನು ಬೇರೆಯದರಿಂದ ದೂರ ಇಡಿ, ಫೋನ್ ಮಾಡುವಾಗ ಪತ್ರಾಗಾರದವರಿಗೆ ಮೊದಲೇ ಹೇಳಿ.

ನೀರು ಬಿದ್ದಿದ್ದರೆ ಮಾತ್ರ ತಡ ಮಾಡುವಂತಿಲ್ಲ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳಲ್ಲಿ ನೆರೆ ಬಂದಾಗ ಮನೆಯ ಜೊತೆ ಕಾಗದಗಳೂ ನೆನೆದವು. ಎರಡು ದಿನ ದಾಟಿದರೆ ಬೂಷ್ಟು ಶುರುವಾಗುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿಗೆ, ಅಚ್ಚಿಲ್ಲದ ಬಿಳಿ ಕಾಗದದ ಮೇಲೆ ಹರಡಿ. ರಾಶಿ ದೊಡ್ಡದಿದ್ದು ಹರಡಲು ಆಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ, ತಿಳಿದವರನ್ನು ಕೇಳಲು ನಿಮಗೆ ಸಮಯ ಸಿಗುತ್ತದೆ. ಫೋಟೊ, ಓಲೆಗರಿಗಳನ್ನು ಫ್ರೀಜರಿಗೆ ಹಾಕುವ ಮುಂಚೆ ಕೇಳಿಕೊಳ್ಳಿ.

ಮೂರನೆಯದು: ಕಟ್ಟು ಬಿಚ್ಚುವ ಮುನ್ನ ಫೋಟೊ, ಬಿಚ್ಚಿದ ಮೇಲೆ ಚೀಟಿ

ಪೆಟ್ಟಿಗೆಯಲ್ಲಿ ಹೇಗಿತ್ತೋ ಹಾಗೇ ಒಂದು ಫೋಟೊ ತೆಗೆಯಿರಿ. ಮೊಬೈಲ್ ಸಾಕು. ಕಿಟಕಿಯ ಬೆಳಕು ಇರಲಿ, ಫ್ಲಾಶ್ ಬೇಡ. ಆಮೇಲೆ ಒಂದೊಂದೇ ಕಟ್ಟು ತೆಗೆದು, ಯಾವುದರ ಕೆಳಗೆ ಯಾವುದಿತ್ತು ಎಂದು ಸಂಖ್ಯೆ ಹಾಕಿ. ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ, ಪೆನ್ಸಿಲ್‌ನಿಂದ ಬರೆಯಿರಿ. ಮೂಲ ಕಾಗದದ ಮೇಲೆ ಬಾಲ್‌ಪೆನ್ನಲ್ಲಿ ಏನನ್ನೂ ಬರೆಯಬೇಡಿ.

ಇಲ್ಲಿ ಎಲ್ಲರಿಗೂ ಜೋಡಿಸುವ ಉಮೇದು ಬರುತ್ತದೆ. ಪತ್ರಗಳೆಲ್ಲ ಒಂದು ಕಡೆ, ಲೆಕ್ಕಗಳೆಲ್ಲ ಒಂದು ಕಡೆ, ಇಸವಿ ಪ್ರಕಾರ. ದಯವಿಟ್ಟು ಬೇಡ. ಒಂದು ಸಾಲದ ಪತ್ರದ ಜೊತೆ ಒಂದು ಜಾತಕ, ಒಂದು ಮದುವೆ ಖರ್ಚಿನ ಚೀಟಿ ಒಟ್ಟಿಗೆ ಕಟ್ಟಿದ್ದರೆ, ಆ ಸಾಲ ಯಾಕೆ ಮಾಡಿದ್ದು ಎಂದು ಆ ಗಂಟೇ ಹೇಳುತ್ತದೆ. ಬೇರೆ ಮಾಡಿಟ್ಟರೆ ಮೂರೂ ಮೂಕವಾಗುತ್ತವೆ.

ಪ್ರತಿ ಕಟ್ಟಿಗೂ ಒಂದು ಚೀಟಿ ಬರೆಯಿರಿ. ಪಾಂಡಿತ್ಯ ಬೇಡ, ಮನೆ ಮಾತಿನಲ್ಲೇ ಇರಲಿ. ಹೀಗೆ:

“ಕಟ್ಟು 3. ಕೆಂಪು ಬಟ್ಟೆಯಲ್ಲಿ ಕಟ್ಟಿತ್ತು. ಲೆಕ್ಕದ ಉದ್ದ ಪುಸ್ತಕ ಒಂದು, ಬಿಡಿ ಹಾಳೆ ಸುಮಾರು ನಲವತ್ತು. ನಮ್ಮ ಅಮ್ಮನ ತವರಿನಿಂದ ಬಂದದ್ದು, ಊರು ತುಮಕೂರು ಜಿಲ್ಲೆ, ಮಧುಗಿರಿ ತಾಲೂಕು. ಅಮ್ಮನ ಮುತ್ತಜ್ಜ ಧಾನ್ಯದ ವ್ಯಾಪಾರ ಮಾಡುತ್ತಿದ್ದರಂತೆ. ಇದು ದೊಡ್ಡಮ್ಮ ಹೇಳಿದ್ದು. ಮೊದಲ ಹಾಳೆಯಲ್ಲಿ ‘ಧಾತು ಸಂವತ್ಸರ’ ಎಂದು ಬರೆದಿದೆ. ಮೂಲೆಯನ್ನು ಇಲಿ ತಿಂದಿದೆ, ನಾವು ನೋಡುವಾಗಲೇ ಹಾಗಿತ್ತು.”

ಇಷ್ಟು ಸಾಕು. ಇದರಲ್ಲಿ ಗಮನಿಸಬೇಕಾದದ್ದು ಎರಡು. ಮೊದಲನೆಯದು, ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆದಿದೆ. ಯಾರಿಂದ ಕೇಳಿದ್ದು ಅನ್ನುವುದೂ ಇದೆ. ಸಂಶೋಧಕರಿಗೆ “ಅಂತೆ” ಅನ್ನುವ ಮಾತಿನಿಂದ ತೊಂದರೆಯಿಲ್ಲ. “ಅಂತೆ”ಯನ್ನು “ಹೌದು” ಎಂದು ಬರೆದರೆ ತೊಂದರೆ.

ಎರಡನೆಯದು ಸಂವತ್ಸರ. ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು 1876ರಲ್ಲಿ ಬಂತು, 1936ರಲ್ಲಿ ಬಂತು, 1996ರಲ್ಲೂ ಬಂತು. 1876ರ ಧಾತು ಆಗಿದ್ದರೆ ಆ ಪುಸ್ತಕ ಮೈಸೂರು ಸೀಮೆಯ ಮಹಾ ಬರಗಾಲದ ಹೊತ್ತಿನದು. ಹಿರಿಯರು ಧಾತು-ಈಶ್ವರ ಬರ ಎಂದು ಹೇಳುತ್ತಿದ್ದ, ಲಕ್ಷಗಟ್ಟಲೆ ಜನ ಸತ್ತ ಬರ. ಒಂದು ಪಲ್ಲ (ಧಾನ್ಯದ ಹಳೆಯ ಅಳತೆ) ರಾಗಿಯ ಬೆಲೆ ತಿಂಗಳಿಂದ ತಿಂಗಳಿಗೆ ಎಷ್ಟೆಷ್ಟು ಏರಿತು, ಯಾರು ಏನನ್ನು ಅಡವಿಟ್ಟು ಒಯ್ದರು, ಎಲ್ಲ ಆ ಪುಸ್ತಕದಲ್ಲಿ ಇರಬಹುದು. 1936ರದ್ದಾದರೆ ಕಥೆಯೇ ಬೇರೆ. ಹಾಗಾಗಿ ನೀವೇ ಲೆಕ್ಕ ಹಾಕಿ ಇಸವಿ ಬರೆದುಬಿಡಬೇಡಿ. ಕಂಡದ್ದನ್ನು ಕಂಡಂತೆ ಬರೆಯಿರಿ. ಛಾಪಾ ಕಾಗದವಾದರೆ ಮೇಲಿನ ಮುದ್ರೆಯಲ್ಲಿ ಯಾರ ಚಿತ್ರವಿದೆ, ರಾಣಿಯದೋ ರಾಜನದೋ, ಅದನ್ನೂ ಬರೆಯಿರಿ. ಕಾಲ ಗೊತ್ತುಮಾಡಲು ಅದೊಂದು ಸುಳಿವು. ಹೈದರಾಬಾದ್ ಸೀಮೆಯ ಕಾಗದಗಳಲ್ಲಿ ಫಸಲಿ (ಕಂದಾಯದ ಲೆಕ್ಕದ) ಇಸವಿ ಇರುತ್ತದೆ, ಸುಮಾರು 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಶಕ ವರ್ಷಕ್ಕೆ 78 ಕೂಡಿಸಬೇಕು. ಇವನ್ನು ನಿಮ್ಮ ಕುತೂಹಲಕ್ಕೆ ಹೇಳಿದೆ, ಚೀಟಿಯಲ್ಲಿ ಮೂಲದ ಅಂಕಿಯೇ ಇರಲಿ.

ಫೋಟೊಗಳಿಗೆ ಹಿರಿಯರನ್ನು ಕೂರಿಸಿಕೊಂಡು ಹೆಸರು ಬರೆಸಿ. ಎಡದಿಂದ ಬಲಕ್ಕೆ ಯಾರ್ಯಾರು, ಎಲ್ಲಿ ತೆಗೆದದ್ದು, ಯಾವ ಸಂದರ್ಭ. ಅವರು ಮಾತಾಡುವುದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. “ಇವಳು ನಮ್ಮ ಸೋದರತ್ತೆ, ಹದಿನಾರಕ್ಕೇ ಹೋಗ್ಬಿಟ್ಳು” ಎಂದು ಅಜ್ಜಿ ಸುಮ್ನೆ ಹೇಳಿ ಮುಂದಿನ ಫೋಟೊಗೆ ಹೋಗುತ್ತಾರೆ. ಆ ಹುಡುಗಿ ಇದ್ದಳು ಎಂದು ಹೇಳುವ ಇನ್ನೊಂದು ದಾಖಲೆ ಎಲ್ಲೂ ಇರಲಾರದು.

ನಾಲ್ಕನೆಯದು: ಕೊಡಬಹುದಾದದ್ದು, ಕೊಡಬಾರದ್ದು

ಈಗಲೂ ನಿಮ್ಮ ಹೆಸರಿನಲ್ಲಿರುವ ಜಮೀನು, ಮನೆಯ ಮೂಲ ಪತ್ರಗಳನ್ನು ಕೊಡಬೇಡಿ. ಬ್ಯಾಂಕಿನವರು, ಕೋರ್ಟಿನವರು ಮೂಲವನ್ನೇ ಕೇಳುತ್ತಾರೆ. ಕೇಸು ನಡೆಯುತ್ತಿರುವ ಆಸ್ತಿಯ ಒಂದು ಹಾಳೆಯನ್ನೂ ಈಗ ಕೊಡಬೇಡಿ. ಬೇಕಾದರೆ ಸ್ಕ್ಯಾನ್ ಮಾಡಲು ಕೊಟ್ಟು ವಾಪಸ್ ತನ್ನಿ. ಎಂದೋ ಮಾರಿಹೋದ, ಈಗ ಯಾರಿಗೂ ಹಕ್ಕಿಲ್ಲದ ಆಸ್ತಿಯ ಪತ್ರಗಳನ್ನು ಕೊಡಬಹುದು. ಅನುಮಾನವಿದ್ದರೆ ಊರಿನ ವಕೀಲರೊಬ್ಬರಿಗೆ ತೋರಿಸಿ.

ಶಾನುಭೋಗರ, ಪಟೇಲರ ಮನೆತನದವರಿಗೆ ಒಂದು ಮಾತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ ಕಾಯ್ದೆ 1961ರದ್ದು. ಹುದ್ದೆ ಹೋದರೂ ಕೆಲವು ಮನೆಗಳಲ್ಲಿ ದಫ್ತರ ಉಳಿಯಿತು. ಅದರಲ್ಲಿ ಮನೆಯ ಸ್ವಂತ ಕಾಗದವೂ ಇರುತ್ತದೆ, ಸರ್ಕಾರಿ ಲೆಕ್ಕವೂ ಇರುತ್ತದೆ. ಸರ್ಕಾರಿ ಲೆಕ್ಕ ಸರ್ಕಾರದ್ದೇ, ದಾನ ಕೊಡಲು ಅದು ನಮ್ಮದಲ್ಲ. ಹೆದರಿ ಸುಡುವುದು ಮಾತ್ರ ಬೇಡ. ಪತ್ರಾಗಾರದವರಿಗೆ ನೇರವಾಗಿ ಹೇಳಿ, “ಅಜ್ಜನ ಕಾಲದ ದಫ್ತರ ಇದೆ, ಬಂದು ನೋಡಿ.” ಅವರಿಗೆ ಬೇಕಾಗಿರುವುದು ಪುಸ್ತಕಗಳು.

ಮನೆಯವರ ಒಪ್ಪಿಗೆ ಬಾಯಿಮಾತಿನಲ್ಲಿ ಮುಗಿಸಬೇಡಿ. ಪಿತ್ರಾರ್ಜಿತ ಆಸ್ತಿಯ ಹಾಗೆಯೇ ಇದರಲ್ಲೂ ಅಕ್ಕ-ತಂಗಿಯರು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಇರುತ್ತಾರೆ. ಕೊಟ್ಟ ಮೇಲೆ “ನನ್ನನ್ನು ಕೇಳಲೇ ಇಲ್ಲ” ಎಂದು ಒಬ್ಬರು ತಕರಾರು ತೆಗೆದರೆ ಪತ್ರಾಗಾರಕ್ಕೂ ಕಷ್ಟ, ನಿಮಗೂ ಕಷ್ಟ. ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆಟ್ಟು ಒತ್ತಿದ್ದು ಸಹಿಯಾಗುವುದಿಲ್ಲ.

ಪತ್ರಗಳಲ್ಲಿ ಮನೆ ಜಗಳ ಇರುತ್ತದೆ, ಕಾಯಿಲೆ ಇರುತ್ತದೆ, ಮುರಿದ ಮದುವೆ ಇರುತ್ತದೆ, ಇವತ್ತು ಓದಿದರೆ ಮುಜುಗರವಾಗುವ ಜಾತಿಯ ಮಾತೂ ಇರುತ್ತದೆ. ಅವನ್ನು ಆರಿಸಿ ಹರಿದುಹಾಕುವ ಬದಲು ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಷರತ್ತು ಹಾಕಿ ಕೊಡಬಹುದು. ಬದುಕಿರುವವರ ಮಾನಕ್ಕೆ ತಟ್ಟುವಂಥದ್ದಾದರೆ ಆ ಷರತ್ತು ಹಾಕಲೇಬೇಕು.

ಐದನೆಯದು: ಎಲ್ಲಿಗೆ

ಸರ್ಕಾರದ್ದು ಮೊದಲು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ವಿಕಾಸಸೌಧದಲ್ಲಿದೆ. ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ವಿಭಾಗೀಯ ಕಚೇರಿಗಳಿವೆ. ಸರ್ಕಾರಿ ಕಡತಗಳೇ ಅವರ ಮುಖ್ಯ ಕೆಲಸವಾದರೂ ಖಾಸಗಿ ಮನೆತನಗಳ ಕಾಗದಗಳನ್ನೂ ತೆಗೆದುಕೊಳ್ಳುತ್ತಾರೆ.

ಓಲೆಗರಿ, ಕೈಬರಹದ ಗ್ರಂಥಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಶುರುವಾದದ್ದು, ಅರ್ಥಶಾಸ್ತ್ರದ ಕಟ್ಟು ಬಂದು ಸೇರಿದ್ದು ಇಲ್ಲಿಗೇ. ಮೈಸೂರು ವಿಶ್ವವಿದ್ಯಾನಿಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕನ್ನಡ ಅಧ್ಯಯನ ಪೀಠ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಕೂಡ ಇವೆ. ಉತ್ತರ ಕರ್ನಾಟಕದಲ್ಲಿ ವಚನದ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಪೂಜೆಯ ಜಗಲಿ ಮೇಲೆ ಇದ್ದವು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ ಅವನ್ನು ಕೇಳಿ ತರದೆ ಇದ್ದಿದ್ದರೆ, ಆ ಮನೆಗಳವರು ನಂಬಿ ಕೊಡದೆ ಇದ್ದಿದ್ದರೆ, ನಾವು ಇವತ್ತು ಓದುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವೋ.

ನಿಮ್ಮ ಊರಿಗೆ ಹತ್ತಿರವಿರುವ ಸಣ್ಣ ಜಾಗಗಳನ್ನು ಮರೆಯಬೇಡಿ. ಸಾಗರ ತಾಲೂಕಿನ ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯ ಕಟ್ಟಿದ್ದು ಕೆಳದಿ ಗುಂಡಾ ಜೋಯಿಸರು, ಸುತ್ತಲಿನ ಮನೆಗಳಿಂದ ಓಲೆ, ಕಾಗದ, ಕಡತ ಕೇಳಿ ತಂದು. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿಗೆ ಸೇರಿದ ಕಾಗದಗಳಿವೆ. ಧರ್ಮಸ್ಥಳದಲ್ಲಿ ಹಸ್ತಪ್ರತಿ ಸಂಗ್ರಹವಿದೆ. ಮನೆಯಲ್ಲಿ ವಿಜ್ಞಾನಿಗಳೋ ಲ್ಯಾಬಿನಲ್ಲಿ ಕೆಲಸ ಮಾಡಿದವರೋ ಇದ್ದರೆ ಅವರ ನೋಟ್‌ಬುಕ್ಕುಗಳಿಗೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಿಂದ ವಿಜ್ಞಾನದ ಇತಿಹಾಸಕ್ಕೇ ಮೀಸಲಾದ ಆರ್ಕೈವ್ಸ್ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಹೆಸರಿಗಿಂತ ಹತ್ತಿರ ಮುಖ್ಯ. ಸಾಗರದ ಅಡಿಕೆ ಮಂಡಿಯ ಲೆಕ್ಕ ಓದುವವರಿಗೆ ಸಾಗರದ ಊರು, ಮನೆತನ, ಅಳತೆ ಗೊತ್ತಿರಬೇಕು. ಆದರೆ ಹತ್ತಿರವೆಂದು ಊರಿನ ಓದುವ ಲೈಬ್ರರಿಗೆ ಕೊಡಬೇಡಿ. ಪುಸ್ತಕ ಎರವಲು ಕೊಡುವ ಜಾಗದಲ್ಲಿ ಕೈಬರಹದ ಕಟ್ಟು ಹಳೆಯ ಮ್ಯಾಗಜಿನ್‌ಗಳ ಜೊತೆ ಸೇರಿ ಹೋಗಿಬಿಡುತ್ತದೆ.

ಯಾವುದೇ ಸಂಸ್ಥೆಯಾಗಲಿ, ಹೋಗುವ ಮುಂಚೆ ಫೋನ್ ಮಾಡಿ, ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ. ಇಂಥವನ್ನು ತೆಗೆದುಕೊಳ್ಳುತ್ತೀರಾ? ಬಂದ ಮೇಲೆ ನೋಂದಣಿ ಸಂಖ್ಯೆ ಕೊಡುತ್ತೀರಾ? ಹೊರಗಿನವರು ಬಂದು ಓದಬಹುದಾ? ನಿಮಗೆ ಬೇಡವಾದದ್ದನ್ನು ವಾಪಸ್ ಕೊಡುತ್ತೀರಾ? ಇವನ್ನು ಕೇಳಲು ಸಂಕೋಚ ಬೇಡ. ಕೋಣೆಗೆ ಕರೆದುಕೊಂಡು ಹೋದರೆ ಗೋಡೆಯಲ್ಲಿ ತೇವ ಇದೆಯಾ, ಕಟ್ಟುಗಳು ನೆಲದ ಮೇಲಿವೆಯಾ ಎಂದು ಕಣ್ಣಾಡಿಸಿ.

ಆರನೆಯದು: ದಾನಪತ್ರ

ಬಾಯಿಮಾತಿನಲ್ಲಿ ಕೊಟ್ಟು ಕೈಮುಗಿದು ಬರುವ ಅಭ್ಯಾಸ ನಮ್ಮದು. ಕೊಟ್ಟವರು ತೀರಿಕೊಂಡು, ತೆಗೆದುಕೊಂಡವರು ನಿವೃತ್ತರಾದ ಮೇಲೆ ಆ ಕಟ್ಟು ದಾನವೋ ಎರವಲೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಬರಹದಲ್ಲಿರಲಿ.

ಅದರಲ್ಲಿ ಕಟ್ಟುಗಳ ಪಟ್ಟಿ ಇರಲಿ, ನೀವು ಬರೆದ ಚೀಟಿಗಳನ್ನೇ ಲಗತ್ತಿಸಿ. ಪೂರ್ತಿ ದಾನವೋ, ಠೇವಣಿ ಇಡುವುದೋ, ಸ್ಕ್ಯಾನ್ ಮಾಡಿ ಹಿಂದಿರುಗಿಸುವುದೋ ಎಂದು ಸ್ಪಷ್ಟವಾಗಿ ಬರೆಯಿರಿ. ಯಾವ ಕಟ್ಟನ್ನು ಎಷ್ಟು ವರ್ಷ ಮುಚ್ಚಿಡಬೇಕು, ಅಂತರ್ಜಾಲಕ್ಕೆ ಹಾಕಬಹುದೇ, ಸಂಗ್ರಹಕ್ಕೆ ಯಾವ ಹೆಸರು ಇಡಬೇಕು, ಸ್ಕ್ಯಾನ್ ಪ್ರತಿ ಮನೆಗೆ ಕೊಡಬೇಕೇ ಎಂಬುದೂ ಇರಲಿ. ಹೆಸರಿನ ವಿಷಯದಲ್ಲಿ ಬರೀ ಅಜ್ಜನ ಹೆಸರಿಟ್ಟು ಮುಗಿಸಬೇಡಿ. ಟ್ರಂಕನ್ನು ಮೂರು ಮನೆ ಬದಲಾಯಿಸಿದರೂ ಬಿಡದೆ ಹೊತ್ತು ತಂದ ಅಜ್ಜಿಯ ಹೆಸರೂ ಸೇರಲಿ.

ಕೃತಿಸ್ವಾಮ್ಯದ ವಿಷಯದಲ್ಲಿ ಒಂದು ಗೊಂದಲ ಇರುತ್ತದೆ. ನಿಮ್ಮ ತಂದೆಗೆ ಯಾರೋ ಸಾಹಿತಿ ಬರೆದ ಕಾಗದ ನಿಮ್ಮ ಸ್ವತ್ತು. ಆದರೆ ಅದರೊಳಗಿನ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಹಾಗಾಗಿ ನೀವು ಕಾಗದವನ್ನು ಕೊಡಬಹುದು, ಅಚ್ಚು ಹಾಕುವ ಅನುಮತಿ ಕೊಡಲು ಬರುವುದಿಲ್ಲ.

ಷರತ್ತುಗಳನ್ನು ಅತಿ ಮಾಡಬೇಡಿ. “ಗಾಜಿನ ಪೆಟ್ಟಿಗೆಯಲ್ಲೇ ಇಡಬೇಕು, ಯಾವಾಗಲೂ ಎಲ್ಲರಿಗೂ ಕಾಣಬೇಕು” ಎಂದು ಹಠ ಹಿಡಿಯುವವರು ಇದ್ದಾರೆ. ಬೆಳಕಿಗೆ ಇಟ್ಟಷ್ಟೂ ಕಾಗದ ಸೊರಗುತ್ತದೆ. ಕತ್ತಲಲ್ಲಿ, ಪೆಟ್ಟಿಗೆಯೊಳಗೆ, ಕೇಳಿದವರಿಗೆ ಸಿಗುವಂತೆ ಇದ್ದರೆ ಅದೇ ಮರ್ಯಾದೆ.

ಕೊಡಲು ಮನಸ್ಸೇ ಬರದಿದ್ದರೆ

ಅದೂ ತಪ್ಪಲ್ಲ. ಕಟ್ಟು ಮನೆಯಲ್ಲೇ ಇರಲಿ ಅನ್ನಿಸಿದರೆ ಸ್ಕ್ಯಾನ್ ಮಾಡಿಸಲು ಒಪ್ಪಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ ಅಷ್ಟೇ. ಮಸಿಯ ಬಣ್ಣ, ಕಾಗದದ ನೀರ್ಗುರುತು, ಅಳಿಸಿ ತಿದ್ದಿದ ಜಾಗ, ಇವೆಲ್ಲ ಚಿತ್ರದಲ್ಲಿ ಸರಿಯಾಗಿ ಸಿಗುವುದಿಲ್ಲ.

ಹಳೆಯ ವಸ್ತು ಕೊಳ್ಳುವವರು ಮನೆ ಬಾಗಿಲಿಗೆ ಬಂದು ದುಡ್ಡು ತೋರಿಸಬಹುದು. ಅವರಿಗೆ ಬೇಕಾಗಿರುವುದು ಛಾಪಾ ಮುದ್ರೆ, ಅಂಚೆ ಚೀಟಿ, ಚಿತ್ರವಿರುವ ಹಾಳೆ. ಅಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ಬಿಸಾಡುತ್ತಾರೆ.

ಹೊರದೇಶದಲ್ಲಿರುವವರಿಗೆ ಇದು ಮುಖ್ಯ. ಊರಿಗೆ ಬಂದಾಗ ಅಜ್ಜನ ಓಲೆಗರಿಯನ್ನು ನೆನಪಿಗೆಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವಂತಿಲ್ಲ. 75 ವರ್ಷ ದಾಟಿದ, ಇತಿಹಾಸದ ಅಥವಾ ಸಾಹಿತ್ಯದ ಮೌಲ್ಯವಿರುವ ಕೈಬರಹ, ದಾಖಲೆಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಊರಲ್ಲಿರುವಾಗಲೇ ಪತ್ರಾಗಾರಕ್ಕೆ ಕೊಟ್ಟು, ಸ್ಕ್ಯಾನ್ ಪ್ರತಿ ಒಯ್ಯಿರಿ. ಅಮೆರಿಕದಲ್ಲೋ ದುಬೈಯಲ್ಲೋ ಕನ್ನಡ ಸಂಘ ಕಟ್ಟಿದವರ ಮೊದಲ ಸಭೆಯ ನಡಾವಳಿ, ಕೈಬರಹದ ಪತ್ರಿಕೆ, ರಾಜ್ಯೋತ್ಸವದ ಕರಪತ್ರ ನಿಮ್ಮ ಹತ್ತಿರ ಇದ್ದರೆ ಅವನ್ನೂ ಎತ್ತಿಡಿ. ಅವಕ್ಕೂ ವಯಸ್ಸಾಗುತ್ತಿದೆ.

ಕೊಟ್ಟು ಬಂದ ಮೇಲೆ

ಸಾಗಿಸುವಾಗ ಕಟ್ಟುಗಳನ್ನು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ, ಅಲುಗಾಡದಂತೆ ಖಾಲಿ ಜಾಗಕ್ಕೆ ಹಳೆಯ ಹತ್ತಿ ಸೀರೆ ತುಂಬಿ. ಮಳೆಗಾಲದಲ್ಲಿ ಬೇಡ. ಕೊರಿಯರ್‌ಗಿಂತ ನೀವೇ ಒಯ್ಯುವುದು ಒಳ್ಳೆಯದು, ದೊಡ್ಡ ಸಂಗ್ರಹವಾದರೆ ಅವರೇ ಬರಬಹುದು, ಕೇಳಿ ನೋಡಿ.

ಅಲ್ಲಿ ಪಟ್ಟಿ ನೋಡಿ ಒಂದೊಂದನ್ನೇ ತಾಳೆ ಮಾಡಿ, ಎರಡೂ ಕಡೆಯವರು ಸಹಿ ಹಾಕಿ, ರಸೀದಿ ಪಡೆಯಿರಿ. ನೋಂದಣಿ ಸಂಖ್ಯೆ ಆಮೇಲೆ ಕೊಡುತ್ತೇವೆ ಎಂದರೆ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಸಂಗ್ರಹವನ್ನು ವಿಂಗಡಿಸಿ ಓದುಗರಿಗೆ ಬಿಡಲು ತಿಂಗಳುಗಳಲ್ಲ, ವರ್ಷಗಳೇ ಬೇಕಾಗಬಹುದು. ಕೆಲಸ ಮಾಡುವ ಕೈಗಳು ಕಡಿಮೆ. ಬೇಸರ ಬೇಡ, ಆಗಾಗ ಫೋನ್ ಮಾಡಿ ನೆನಪಿಸುತ್ತಿರಿ.

ರಸೀದಿ, ದಾನಪತ್ರ, ಪಟ್ಟಿ ಮೂರರ ಪ್ರತಿಯನ್ನೂ ಮೂರು ಮನೆಗಳಲ್ಲಿಡಿ. ಹಿರಿಯರ ಮಾತಿನ ರೆಕಾರ್ಡಿಂಗನ್ನು ಪತ್ರಾಗಾರಕ್ಕೂ ಕೊಡಿ. ಇನ್ನೊಂದು ಕಟ್ಟು ಆಮೇಲೆ ಸಿಕ್ಕೇ ಸಿಗುತ್ತದೆ, ಚಿಕ್ಕಮ್ಮನ ಮನೆಯ ಬೀರುವಿನಲ್ಲೋ ಹಳೆಯ ಹೊಲಿಗೆ ಮಿಷನ್ನಿನ ಡ್ರಾದಲ್ಲೋ. ಸಿಕ್ಕಾಗ ಅದೇ ನೋಂದಣಿ ಸಂಖ್ಯೆ ಹೇಳಿ, ಅದೇ ಸಂಗ್ರಹಕ್ಕೆ ಸೇರಿಸಲು ಕೊಡಿ.